ಕಾಲು ಊರುವ ಜಾಗ

ಹೋಪ್ ಫಾರ್ಮ್ ಸಿಗ್ನಲಿನಲ್ಲಿ ನಾನು ಬಿದ್ದದ್ದು ನಿಂತ ಸೈಕಲ್ಲಿನಿಂದ. ಓಡುವ ಸೈಕಲ್ಲಿನಿಂದ ಬಿದ್ದಿದ್ದರೆ ಹೇಳಿಕೊಳ್ಳಲು ಒಂದು ಕಥೆಯಾದರೂ ಇರುತ್ತಿತ್ತು. ಕೆಂಪು ದೀಪ ಕಂಡಿತು, ಬ್ರೇಕು ಹಿಡಿದೆ, ಚಕ್ರ ನಿಂತಿತು, ಎಡಗಾಲು ಕೆಳಗಿಡಲು ಹೋದೆ. ಕಾಲು ಬರಲಿಲ್ಲ. ಬೂಟಿನ ಅಡಿಗೆ ಬಿಗಿದಿದ್ದ ಕ್ಲೀಟು ಪೆಡಲನ್ನು ಕಚ್ಚಿಕೊಂಡಿತ್ತು. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ, ಮೇಲಕ್ಕೆ ಎಳೆದರೆ ಬಿಡುವುದಿಲ್ಲ ಎಂಬುದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಹ್ಯಾಂಡಲ್ ಹಿಡಿದುಕೊಂಡೇ, ಕಡಿದ ಬಾಳೆಗಿಡದ ಹಾಗೆ, ಸೈಕಲ್ಲಿನ ಸಮೇತ ಪಕ್ಕಕ್ಕೆ ಒರಗಿದೆ. ಪಕ್ಕದಲ್ಲಿದ್ದ ಆಟೊ ಚಾಲಕ ತಲೆ ಹೊರಗೆ ಹಾಕಿ, ‘ಏನ್ ಸಾರ್, ಕಾಲಿಡೋದು ಮರ್ತೋಯ್ತಾ?’ ಅಂದ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಬೆಂಗಳೂರಿನ ಸೈಕಲ್ ಬಳಗಗಳಲ್ಲಿ ಇದಕ್ಕೆ ‘ಕ್ಲೀಟ್ ಫಾಲ್’ ಅನ್ನುತ್ತಾರೆ. ಎಲ್ಲರಿಗೂ ಒಮ್ಮೆ ಆಗುತ್ತದೆ, ಆದ ಮೇಲೆ ನೀನೂ ನಮ್ಮವನು ಎಂದು ಬೆನ್ನು ತಟ್ಟುತ್ತಾರೆ. ನನಗೆ ಬೆನ್ನು ತಟ್ಟಿಸಿಕೊಂಡದ್ದಕ್ಕಿಂತ ಮೊಣಕೈ ತರಚಿದ್ದು ಹೆಚ್ಚು ನೆನಪಿದೆ. ಅದರ ಜೊತೆಗೆ ಒಂದು ಪ್ರಶ್ನೆಯೂ ಉಳಿಯಿತು. ನಂದಿಬೆಟ್ಟ ಹತ್ತುವಾಗ ಒಳ್ಳೆಯದು ಎಂದು ಆರಿಸಿ ತಂದ ಬೂಟು, ವಾರದ ಐದು ದಿನ ವೈಟ್‌ಫೀಲ್ಡಿನ ಸಿಗ್ನಲುಗಳಲ್ಲಿ ನನ್ನ ಕಾಲಲ್ಲಿ ಏನು ಮಾಡುತ್ತಿತ್ತು? ಬೂಟು, ಕ್ಲೀಟು, ಪೆಡಲು ಕೊಳ್ಳುವವರಿಗೆ ಸಿಗುವ ಸಲಹೆಗಳೆಲ್ಲ ‘ಹೇಗೆ ಓಡಿಸುತ್ತೀರಿ’ ಎಂದು ಕೇಳುತ್ತವೆ. ‘ಎಲ್ಲೆಲ್ಲಿ ಇಳಿಯುತ್ತೀರಿ’ ಎಂದು ಕೇಳುವವರು ಕಡಿಮೆ. ನಮ್ಮ ಊರಿನ ಹೊರವಲಯದಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.

ಗೊಂದಲ ಹೆಸರಿನಿಂದಲೇ ಶುರುವಾಗುತ್ತದೆ. ಅಂಗಡಿಯವರು ಇದನ್ನು ‘ಕ್ಲಿಪ್‌ಲೆಸ್’ ಪೆಡಲು ಅನ್ನುತ್ತಾರೆ, ಅಂದರೆ ಕ್ಲಿಪ್ ಇಲ್ಲದ್ದು. ಕಾಲಿಟ್ಟರೆ ಟಕ್ ಎಂದು ಕ್ಲಿಪ್ ಆಗಿ ಕೂರುವ ಪೆಡಲಿಗೆ ಈ ಹೆಸರು ಹೇಗೆ ಬಂತು ಎಂದರೆ, ಹಿಂದಿದ್ದ ಟೋ ಕ್ಲಿಪ್ಪನ್ನು ಇದು ಓಡಿಸಿತು. ಪೆಡಲಿನ ಮುಂದೆ ಲೋಹದ ಪಂಜರ, ಅದಕ್ಕೊಂದು ಚರ್ಮದ ಪಟ್ಟಿ. ಹಳೆಯ ರೇಸಿಂಗ್ ಸೈಕಲ್ಲುಗಳ ಚಿತ್ರದಲ್ಲಿ ನೋಡಿರುತ್ತೀರಿ. ಪಟ್ಟಿ ಬಿಗಿದರೆ ಕಾಲು ಅಲುಗದು. ಕಾಲು ಹೊರಬರಬೇಕಾದರೆ ಬಗ್ಗಿ, ಕೈಯಿಂದ ಪಟ್ಟಿ ಸಡಿಲಿಸಬೇಕು. ಇಟಲಿಯ ಚಿನೆಲ್ಲಿ ಸಂಸ್ಥೆ 1970ರ ದಶಕದಲ್ಲಿ ಪಟ್ಟಿಯಿಲ್ಲದ ಪೆಡಲು ತಂದಿತು. ಅದರಲ್ಲೂ ಕಾಲು ಬಿಡಿಸಲು ಬಗ್ಗಿ ಸನ್ನೆಯೊಂದನ್ನು ಕೈಯಲ್ಲೇ ಒತ್ತಬೇಕಿತ್ತು. ಸವಾರರು ಅದಕ್ಕೆ ಸಾವಿನ ಕ್ಲೀಟು ಎಂದೇ ಅಡ್ಡಹೆಸರಿಟ್ಟರು.

ದಾರಿ ತೋರಿಸಿದ್ದು ಸೈಕಲ್ಲಿನವರಲ್ಲ, ಹಿಮದವರು. ಫ್ರಾನ್ಸಿನ ಲುಕ್ ಸಂಸ್ಥೆ ಮಾಡುತ್ತಿದ್ದುದು ಸ್ಕೀ ಹಲಗೆಗೆ ಬೂಟನ್ನು ಹಿಡಿದಿಡುವ ಸಾಧನ. ಹಿಮದ ಇಳಿಜಾರಿನಲ್ಲಿ ಬಿದ್ದವನ ಕಾಲು ಹಲಗೆಯಲ್ಲೇ ಸಿಕ್ಕಿಕೊಂಡರೆ ಮೂಳೆ ಮುರಿಯುತ್ತದೆ. ಹಾಗಾಗಿ ಆ ಸಾಧನದ ಜಾಣತನವೆಲ್ಲ ಇದ್ದುದು ಹಿಡಿಯುವುದರಲ್ಲಲ್ಲ, ಸರಿಯಾದ ಹೊತ್ತಿಗೆ ಬಿಡುವುದರಲ್ಲಿ. ಅದನ್ನೇ 1984ರಲ್ಲಿ ಪೆಡಲಿಗೆ ಇಳಿಸಿದರು. ಮರುವರ್ಷ ಬರ್ನಾರ್ ಇನೋ ಅದೇ ಪೆಡಲು ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ. ಪಟ್ಟಿಯ ಕಾಲ ಅಲ್ಲಿಗೆ ಮುಗಿಯತೊಡಗಿತು. ಜಪಾನಿನ ಶಿಮಾನೊ 1990ರಲ್ಲಿ ಬೆಟ್ಟಗಾಡಿನ ಸೈಕಲ್ಲುಗಳಿಗೆಂದು ಎಸ್‌ಪಿಡಿ ಎಂಬ ಚಿಕ್ಕ ಲೋಹದ ಕ್ಲೀಟನ್ನು ತಂದಿತು. ಕೆಸರಿನಲ್ಲಿ ಇಳಿದು, ಸೈಕಲ್ಲು ಹೆಗಲಿಗೆ ಹಾಕಿ ನಡೆಯಬೇಕಾದವರಿಗೆ ಮಾಡಿದ್ದು ಅದು.

ಇವತ್ತು ಅಂಗಡಿಯ ಗೋಡೆಯ ಮೇಲೆ ಕಾಣುವ ಎರಡು ಕುಲಗಳು ಇವೇ. ಲುಕ್ ಮಾದರಿಯ, ಮೂರು ಬೋಲ್ಟಿನ, ದೊಡ್ಡ ಪ್ಲಾಸ್ಟಿಕ್ ಕ್ಲೀಟು. ಶಿಮಾನೊದ ಎಸ್‌ಪಿಡಿ-ಎಸ್‌ಎಲ್ ಕೂಡ ಈ ಕುಲದ್ದೇ. ಇನ್ನೊಂದು ಎರಡು ಬೋಲ್ಟಿನ, ಹುಣಿಸೆಬೀಜಕ್ಕಿಂತ ತುಸು ದೊಡ್ಡದಾದ ಉಕ್ಕಿನ ಎಸ್‌ಪಿಡಿ. ಮೊದಲನೆಯದು ಬೂಟಿನ ಅಡಿಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಅದನ್ನು ಹಾಕಿ ನಡೆದರೆ ಬಾತುಕೋಳಿಯ ನಡಿಗೆ. ಎರಡನೆಯದು ಅಡಿಯ ರಬ್ಬರಿನ ಹಳ್ಳದೊಳಗೆ ಹುದುಗಿರುತ್ತದೆ. ನೆಲಕ್ಕೆ ತಾಗುವುದು ರಬ್ಬರು, ಆಗೀಗ ಕಲ್ಲಿಗೆ ಕ್ಲೀಟು ತಗುಲಿ ಕಿರ್ ಎನ್ನುವುದು ಬಿಟ್ಟರೆ ಮಾಮೂಲಿ ಬೂಟು.

ರಸ್ತೆ ಸೈಕಲ್ಲು ತಂದವನಿಗೆ ಅಂಗಡಿಯ ಹುಡುಗ ಮೂರು ಬೋಲ್ಟಿನದನ್ನೇ ತೋರಿಸುತ್ತಾನೆ. ರೋಡ್ ಬೈಕಿಗೆ ರೋಡ್ ಪೆಡಲು, ಅದು ಅವನ ತರ್ಕ. ನನಗೂ ಹಾಗೇ ಆಯಿತು, ನಾನೂ ತಲೆಯಾಡಿಸಿದೆ. ಆ ರೋಡು ಯಾವುದು ಎಂದು ಇಬ್ಬರೂ ಯೋಚಿಸಲಿಲ್ಲ.

ರೋಡು ಎಂದರೆ ಯಾವ ರೋಡು

ನಮ್ಮ ಹೊರವಲಯದಲ್ಲಿ ಸೈಕಲ್ಲು ತುಳಿಯುವವರಿಗೆ ಎರಡು ಬದುಕು. ಒಂದು ಬೆಳಗಿನ ಐದರಿಂದ ಏಳರವರೆಗಿನದು. ವೈಟ್‌ಫೀಲ್ಡಿನವರು ಸಮೇತನಹಳ್ಳಿ, ಮಾಲೂರಿನ ಕಡೆ ಹೊರಡುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಚಂದಾಪುರ ದಾಟಿದರೆ ಆನೇಕಲ್ಲು, ಮುತ್ಯಾಲಮಡುವು. ಪೀಣ್ಯ, ದಾಸರಹಳ್ಳಿಯವರಿಗೆ ಹೆಸರಘಟ್ಟ, ಇಲ್ಲವೇ ನೆಲಮಂಗಲ ದಾಟಿ ಶಿವಗಂಗೆ. ಭಾನುವಾರ ಎಲ್ಲರಿಗೂ ನಂದಿ. ಸಮುದ್ರಮಟ್ಟದಿಂದ 1,478 ಮೀಟರಿನ ನೆತ್ತಿಗೆ ಸುಮಾರು ಎಂಟು ಕಿಲೋಮೀಟರು ಏರು. ಅಲ್ಲಿ ಒಮ್ಮೆ ಕ್ಲಿಪ್ ಆದರೆ ಬುಡದಿಂದ ತುದಿಯವರೆಗೆ ಕಾಲು ಊರುವ ಪ್ರಮೇಯವಿಲ್ಲ, ಉಸಿರು ಕೈಕೊಟ್ಟರೆ ಬೇರೆ ಮಾತು. ಆ ಬದುಕಿಗೆ ಮೂರು ಬೋಲ್ಟಿನ ಅಗಲ ಕ್ಲೀಟು ಹೇಳಿ ಮಾಡಿಸಿದ್ದು. ಒತ್ತಡ ಪಾದದ ಅಗಲಕ್ಕೆ ಹಂಚಿಹೋಗುತ್ತದೆ, ಕಾಲು ಕದಲುವುದಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕ್ಲಿಂಗಿನಲ್ಲಿ ಹೆಸರು ಮಾಡಿದವರು. ಅವರ ರಸ್ತೆಗಳನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ: ಜೋಳದ ಹೊಲದ ನಡುವೆ ನೂಲು ಹಿಡಿದ ಹಾಗೆ ನೆಟ್ಟಗೆ, ಸಿಗ್ನಲಿಲ್ಲ.

ಇನ್ನೊಂದು ಬದುಕು ಎಂಟೂವರೆಗೆ ಶುರುವಾಗುತ್ತದೆ. ಕಾಡುಗೋಡಿಯಿಂದ ಮಾರತ್ತಹಳ್ಳಿಯವರೆಗೆ ಕಚೇರಿಗೆ ತುಳಿದ ಒಂದು ದಿನ ಎಷ್ಟು ಸಲ ಕಾಲು ಊರುತ್ತೇನೆ ಎಂದು ಎಣಿಸಲು ಹೊರಟೆ. ಇಪ್ಪತ್ತು ದಾಟಿದ ಮೇಲೆ ಬಿಟ್ಟುಬಿಟ್ಟೆ. ಸಿಗ್ನಲು, ಬಿಎಂಟಿಸಿ ಬಸ್ಸಿನ ಹಿಂಬದಿ, ಎದುರು ದಿಕ್ಕಿನಿಂದ ಬರುವ ಡೆಲಿವರಿ ಸ್ಕೂಟರು, ನೀರಿನ ಟ್ಯಾಂಕರು, ಅಗೆದ ರಸ್ತೆ, ಅಗೆದು ಮುಚ್ಚಿದ ರಸ್ತೆ, ಮುಚ್ಚಿ ಮತ್ತೆ ಅಗೆದ ರಸ್ತೆ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಸುಮಾರು 17 ಕಿಲೋಮೀಟರಿನ ಸೈಕಲ್ ಪಥ ಗುರುತಿಸಿ ಗೂಟ ನೆಟ್ಟಿದ್ದರು. ಆಮೇಲೆ ಮೆಟ್ರೊ ಕಾಮಗಾರಿ ಬಂತು, ಗೂಟಗಳು ಹೋದವು. ಹೊಸೂರು ರಸ್ತೆಯಲ್ಲಿ ಗಾರೆಬಾವಿಪಾಳ್ಯ, ಕೋನಪ್ಪನ ಅಗ್ರಹಾರ, ಹೆಬ್ಬಗೋಡಿ. ತುಮಕೂರು ರಸ್ತೆಯಲ್ಲಿ ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್. ಈ ಹೆಸರುಗಳನ್ನು ಹೇಳುತ್ತಿದ್ದಂತೆ ಅಲ್ಲಿ ತುಳಿಯುವವರ ಎಡಗಾಲು ತಾನಾಗಿ ಹೊರಬರುತ್ತದೆ.

ಕಾಲು ಊರುವುದು ಸಿಗ್ನಲಿನಲ್ಲಿ ಮಾತ್ರವಲ್ಲ. ಕಚೇರಿಯ ನೆಲಮಾಳಿಗೆಯಲ್ಲಿ ಸೈಕಲ್ಲು ನಿಲ್ಲಿಸಿ, ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ಲಾಬಿ ದಾಟಿ ಲಿಫ್ಟಿನವರೆಗೆ ನಡೆಯಬೇಕು. ಪ್ಲಾಸ್ಟಿಕ್ ಕ್ಲೀಟು ಆ ನೆಲದ ಮೇಲೆ ಎಣ್ಣೆಯ ಹಾಗೆ. ನಮ್ಮ ಕಚೇರಿಯ ಸೆಕ್ಯುರಿಟಿಯವರು ನನ್ನನ್ನು ನೋಡಿದರೆ ಗೋಡೆ ಹಿಡಿದುಕೊಂಡು ಬನ್ನಿ ಎಂದು ಸನ್ನೆ ಮಾಡುತ್ತಿದ್ದರು. ದರ್ಶಿನಿಯಲ್ಲಿ ಇಡ್ಲಿ ತಟ್ಟೆ ಹಿಡಿದು ಒದ್ದೆ ನೆಲದ ಮೇಲೆ ನಿಂತದ್ದು ಇದಕ್ಕಿಂತ ದೊಡ್ಡ ಸಾಹಸ. ರಬ್ಬರಿನ ಟೋಪಿ ಸಿಗುತ್ತದೆ, ಕ್ಲೀಟಿಗೆ ತೊಡಿಸಬಹುದು. ಅದು ಮೂರನೆಯ ವಾರಕ್ಕೆ ಒಂದು ಕಾಲಿನದು ಕಳೆದುಹೋಗುತ್ತದೆ. ಟೋಪಿ ಇಲ್ಲದೆ ನಡೆದರೆ ಕ್ಲೀಟೇ ಸವೆಯುತ್ತದೆ. ಶಿಮಾನೊದ ಹಳದಿ ಕ್ಲೀಟಿನ ಮೂಲೆಗಳಲ್ಲಿರುವ ಹಳದಿ ಗಟ್ಟಿ ಸವೆದುಹೋಯಿತೆಂದರೆ ಬದಲಿಸುವ ಕಾಲ ಬಂತು ಎಂದು ಅರ್ಥ. ರಸ್ತೆಯಲ್ಲಿ ಸವೆದದ್ದಕ್ಕಿಂತ ನನ್ನವು ಲಾಬಿಯಲ್ಲಿ ಸವೆದದ್ದೇ ಹೆಚ್ಚು.

ಆದ್ದರಿಂದ ನನ್ನ ತೀರ್ಪು ಇಷ್ಟು. ಸೈಕಲ್ಲು ರೇಸಿನದೇ ಆಗಿರಲಿ, ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಲ ಕಾಲು ಊರುವವರು ಎರಡು ಬೋಲ್ಟಿನದನ್ನೇ ತೆಗೆದುಕೊಳ್ಳಬೇಕು. ಅದರಲ್ಲೂ ಮೊದಲ ವರ್ಷಕ್ಕೆ ಒಂದು ಮಗ್ಗುಲು ಎಸ್‌ಪಿಡಿ, ಇನ್ನೊಂದು ಮಗ್ಗುಲು ಚಪ್ಪಟೆಯಾಗಿರುವ ಪೆಡಲು. ಸಿಲ್ಕ್ ಬೋರ್ಡಿನಲ್ಲಿ ಚಪ್ಪಟೆ ಮಗ್ಗುಲು, ಊರು ದಾಟಿದ ಮೇಲೆ ಕ್ಲಿಪ್ಪಿನ ಮಗ್ಗುಲು. ಹಾಲು ತರಲು ಚಪ್ಪಲಿಯಲ್ಲೂ ಹೋಗಿಬರಬಹುದು. ರೇಸಿನವರು ಇದನ್ನು ನೋಡಿ ನಗುತ್ತಾರೆ, ನಗಲಿ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವ ಬ್ರೆವೆ ಸವಾರಿಗೆ ಹೋಗುವವರಲ್ಲಿ ಬಹಳ ಮಂದಿಯ ಕಾಲಲ್ಲಿ ನಾನು ಕಂಡದ್ದು ಎರಡು ಬೋಲ್ಟಿನ ಬೂಟೇ. ಅವರೂ ದಾರಿಯಲ್ಲಿ ಇಳಿಯುತ್ತಾರೆ, ಕಾರ್ಡಿಗೆ ಮೊಹರು ಹಾಕಿಸಬೇಕು, ಟೀ ಕುಡಿಯಬೇಕು.

ಹವಾಯಿ ಚಪ್ಪಲಿಯ ವಿಜ್ಞಾನ

ಕ್ಲಿಪ್ ಆದರೆ ಕಾಲನ್ನು ಮೇಲಕ್ಕೂ ಎಳೆಯಬಹುದು, ಅದರಿಂದ ಶಕ್ತಿ ಉಳಿಯುತ್ತದೆ ಎಂದು ಅಂಗಡಿಯಲ್ಲೂ ಬಳಗದಲ್ಲೂ ಹೇಳುತ್ತಾರೆ. ನಾನೂ ನಂಬಿ ಎರಡು ವರ್ಷ ಎಳೆದೆ. 2007ರ ಒಂದು ಅಧ್ಯಯನದಲ್ಲಿ ಸವಾರರಿಗೆ ಬೇಕೆಂದೇ ಕಾಲು ಮೇಲೆಳೆಯಲು ಹೇಳಿ ಅಳೆದರು. ಖರ್ಚಾದ ಶಕ್ತಿಗೆ ಹೋಲಿಸಿದರೆ ಸಿಕ್ಕ ಕೆಲಸ ಕಡಿಮೆಯಾಯಿತು, ಹೆಚ್ಚಲಿಲ್ಲ. ಕೊಲರಾಡೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಇನ್ನೊಂದರಲ್ಲಿ ಮಾಮೂಲಿ ಓಟದ ಬೂಟು ಮತ್ತು ಚಪ್ಪಟೆ ಪೆಡಲನ್ನು, ಸೈಕಲ್ ಬೂಟು ಮತ್ತು ಕ್ಲಿಪ್ ಪೆಡಲನ್ನು ಎದುರುಬದುರು ಇಟ್ಟರು. ಏದುಸಿರಿಲ್ಲದ ಒಂದೇ ಹದದ ತುಳಿತದಲ್ಲಿ ದೇಹ ಸುಡುವ ಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಜೀವ ಬಿಟ್ಟು ತುಳಿಯುವ ಸ್ಪ್ರಿಂಟಿನಲ್ಲಿ ಮಾತ್ರ ಕ್ಲಿಪ್ಪಿಗೆ ಮೇಲುಗೈ ಎಂದು ಅದೇ ಕಡೆಯ ಮುಂದಿನ ಪರೀಕ್ಷೆ ತೋರಿಸಿತು.

ಪೀಣ್ಯದ ಶಿಫ್ಟ್ ಬಿಡುವ ಹೊತ್ತಿಗೆ ನಿಂತು ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹೀರೊ, ಅಟ್ಲಾಸ್ ಸೈಕಲ್ಲುಗಳ ಮೇಲೆ, ರಬ್ಬರಿನ ಚೌಕ ಪೆಡಲುಗಳ ಮೇಲೆ ಹವಾಯಿ ಚಪ್ಪಲಿಯ ಕಾಲುಗಳು. ಟಿಫನ್ ಡಬ್ಬಿ ಹ್ಯಾಂಡಲಿಗೆ. ಕೊಲರಾಡೊದವರು ಪರೀಕ್ಷಿಸಿದ್ದು ಬೂಟನ್ನು, ಚಪ್ಪಲಿಯನ್ನಲ್ಲ, ನಿಜ. ಆದರೂ ದಿನಾ ಹತ್ತು ಕಿಲೋಮೀಟರು ಒಂದೇ ಹದದಲ್ಲಿ ತುಳಿಯುವ ಆ ಮನುಷ್ಯನಿಗಿಂತ ನಾನು ಹೆಚ್ಚು ದಕ್ಷ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಅಟ್ಲಾಸಿನವರು ಸಾಹಿಬಾಬಾದಿನ ಕಾರ್ಖಾನೆಯನ್ನು 2020ರ ಜೂನ್ 3ರಂದು ನಿಲ್ಲಿಸಿದರು. ಅಂದು ವಿಶ್ವ ಸೈಕಲ್ ದಿನ. ಪೀಣ್ಯದ ಅಟ್ಲಾಸುಗಳು ಮಾತ್ರ ಇನ್ನೂ ಓಡುತ್ತಿವೆ.

ಹಾಗಾದರೆ ಈ ಬೂಟು ಏಕೆ? ಒಂದು, ಕಾಲು ಜಾರುವುದಿಲ್ಲ. ಮಳೆಗಾಲದಲ್ಲಿ ಒದ್ದೆಯಾದ ಪೆಡಲಿನಿಂದ ಕಾಲು ಹಾರಿ ಮೊಣಕಾಲಿನ ಕೆಳಗಿನ ಮೂಳೆಗೆ ಪೆಡಲು ಬಡಿದವರಿಗೆ ಇದರ ಬೆಲೆ ಗೊತ್ತು. ನಮ್ಮ ಗುಂಡಿಗಳ ಮೇಲೆ ಇದು ಸಣ್ಣ ಮಾತಲ್ಲ. ಎರಡು, ದೂರ ಹೋಗುವಾಗ ಪಾದ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿರುತ್ತದೆ. ಮೂರು, ಗಟ್ಟಿ ಅಡಿಯ ಬೂಟಿನಲ್ಲಿ ಪಾದ ಪೆಡಲಿನ ಸುತ್ತ ಬಾಗಿ ನೋಯುವುದಿಲ್ಲ. ಎರಡನೆಯ ಗುಣದಲ್ಲೇ ಅಪಾಯವೂ ಇದೆ. ನಿಮಿಷಕ್ಕೆ 80 ಸುತ್ತು ಎಂದಿಟ್ಟುಕೊಂಡರೂ ಹತ್ತು ಗಂಟೆಯ ಸವಾರಿಗೆ 48,000 ಸುತ್ತು. ಕ್ಲೀಟು ವಾರೆಯಾಗಿ ಕೂತಿದ್ದರೆ ಮಂಡಿಯು ಅಷ್ಟೂ ಸಲ ವಾರೆಯಾಗಿಯೇ ಮಡಚುತ್ತದೆ.

ನನ್ನ ಮಂಡಿ ಎರಡನೆಯ ತಿಂಗಳಿಗೆ ಮಾತಾಡತೊಡಗಿತು. ಸರಿಮಾಡಿಕೊಟ್ಟವರು ಪೀಣ್ಯ ಎರಡನೆಯ ಹಂತದಲ್ಲಿ ಲೇತ್ ಹಾಕಿಕೊಂಡಿರುವ ನಮ್ಮ ಭಾವ. ಸೈಕಲ್ ಬೂಟು ಅವರು ಕಂಡದ್ದೇ ಅವತ್ತು. ಕ್ಲೀಟನ್ನು ಬೆಳಕಿಗೆ ಹಿಡಿದರು, ಪೆಡಲಿಗೆ ಸಿಕ್ಕಿಸಿ ಆಚೀಚೆ ತಿರುಗಿಸಿದರು.

‘ಇದಕ್ಕೆ ಪ್ಲೇ ಇಲ್ವಲ್ಲೋ.’

‘ಅದು ಪ್ರೊಫೆಶನಲ್ಲು ಭಾವ, ಅಲುಗಾಡಬಾರ್ದು.’

‘ಅಲುಗಾಡದ ಬೇರಿಂಗು ಬೇಗ ಸಾಯುತ್ತೆ. ನಿನ್ನ ಮಂಡಿ ಬೇರಿಂಗಲ್ವೇನೋ?’

ಅಂಗಡಿಯವರು ‘ಫ್ಲೋಟ್’ ಅನ್ನುವುದನ್ನೇ ಭಾವ ಪ್ಲೇ ಎಂದರು, ಅದೇ ಹೆಚ್ಚು ಸರಿಯಾದ ಮಾತು ಅನಿಸಿತು. ಕ್ಲಿಪ್ಪಿನಿಂದ ಹೊರಬರದೆ ಹಿಮ್ಮಡಿ ಎಷ್ಟು ಡಿಗ್ರಿ ಆಚೀಚೆ ಆಡಬಹುದು ಎಂಬುದರ ಲೆಕ್ಕ ಅದು. ಶಿಮಾನೊದ ಮೂರು ಬೋಲ್ಟಿನ ಕ್ಲೀಟಿನಲ್ಲಿ ಹಳದಿಗೆ 6 ಡಿಗ್ರಿ, ನೀಲಿಗೆ 2, ಕೆಂಪಿಗೆ ಸೊನ್ನೆ. ನಾನು ಕೆಂಪು ಚೆಂದ ಕಾಣುತ್ತದೆ ಎಂದು ಕೆಂಪನ್ನು ತಂದಿದ್ದೆ. ಲುಕ್ ಸಂಸ್ಥೆಯ ಕಿಯೋ ಕ್ಲೀಟಿನಲ್ಲಿ ಬಣ್ಣದ ಲೆಕ್ಕ ತಲೆಕೆಳಗು: ಕಪ್ಪಿಗೆ ಸೊನ್ನೆ, ಬೂದಿಗೆ 4.5, ಕೆಂಪಿಗೆ 9. ಒಬ್ಬರ ಕೆಂಪು ಕಾಲನ್ನು ಕಟ್ಟಿಹಾಕುತ್ತದೆ, ಇನ್ನೊಬ್ಬರ ಕೆಂಪು ಎಲ್ಲಕ್ಕಿಂತ ಹೆಚ್ಚು ಆಡಲು ಬಿಡುತ್ತದೆ. ಬಣ್ಣ ನೋಡಿ ಕೊಳ್ಳುವವರಿಗೆ ಇಷ್ಟು ಸಾಕು. ಇನ್ನೊಂದು ಬಲೆಯೂ ಇದೆ. ಮೂರು ಬೋಲ್ಟಿನ ಬೂಟಿಗೆ ಈ ಎಲ್ಲ ಕ್ಲೀಟುಗಳೂ ಕೂರುತ್ತವೆ, ಆದರೆ ಒಬ್ಬರ ಕ್ಲೀಟು ಇನ್ನೊಬ್ಬರ ಪೆಡಲಿಗೆ ಕೂರುವುದಿಲ್ಲ. ಕ್ಲೀಟು ಸಾಮಾನ್ಯವಾಗಿ ಪೆಡಲಿನ ಡಬ್ಬಿಯಲ್ಲಿ ಬರುತ್ತದೆ, ಬೂಟಿನ ಡಬ್ಬಿಯಲ್ಲಲ್ಲ. ಇದು ತಿಳಿಯದೆ ಬೂಟಿನ ಜೊತೆ ಬೇರೆ ಕ್ಲೀಟು ಕೊಂಡು, ಪೆಡಲಿನ ಡಬ್ಬಿ ಬಿಚ್ಚಿದಾಗ ಹಣೆ ಚಚ್ಚಿಕೊಂಡವರಲ್ಲಿ ನಾನೂ ಒಬ್ಬ.

ಕ್ಲೀಟು ಕೂರಿಸುವ ವಿಧಾನ ಭಾವನದೇ. ನನ್ನನ್ನು ಕೆಲಸದ ಮೇಜಿನ ಮೇಲೆ ಕೂರಿಸಿ, ಕಾಲು ಇಳಿಬಿಡಿಸಿದರು. ಯಾರೂ ಹೇಳದೆ ಪಾದಗಳು ಯಾವ ಕಡೆ ನೋಡುತ್ತವೆ ಎಂದು ಗಮನಿಸಿದರು. ಎಡಪಾದ ನೆಟ್ಟಗೆ, ಬಲಪಾದ ತುಸು ಹೊರಕ್ಕೆ. ಹುಟ್ಟಿದ ಕಾಲಿನ ಕೋನಕ್ಕೇ ಕ್ಲೀಟು ಕೂರಬೇಕು, ಕ್ಲೀಟಿನ ಕೋನಕ್ಕೆ ಕಾಲಲ್ಲ. ಆಮೇಲೆ ಬೂಟು ಹಾಕಿಸಿ, ಹೆಬ್ಬೆರಳ ಬುಡದ ಉಬ್ಬು ಮೂಳೆಯನ್ನೂ ಕಿರುಬೆರಳ ಬುಡದ ಮೂಳೆಯನ್ನೂ ಬೂಟಿನ ಮೇಲಿಂದಲೇ ತಡವಿ ಪೆನ್ನಿನಲ್ಲಿ ಗುರುತು ಹಾಕಿದರು. ಪೆಡಲಿನ ಅಚ್ಚು ಈ ಎರಡರ ನಡುವೆ ಬರಬೇಕು. ಮುಂದಕ್ಕೆ ಹೋದರೆ ಮೀನಖಂಡಕ್ಕೂ ಹಿಮ್ಮಡಿಯ ನರಕ್ಕೂ ಕೆಲಸ ಜಾಸ್ತಿ, ಹಿಂದಕ್ಕೆ ಬಂದರೆ ಅವಕ್ಕೆ ಆರಾಮ. ದೂರ ಹೋಗುವವರು ತುಸು ಹಿಂದಕ್ಕೇ ಇಟ್ಟುಕೊಳ್ಳುವುದು ಅದಕ್ಕೆ. ಒಮ್ಮೆ ಕೂರಿಸಿದ ಮೇಲೆ ಕ್ಲೀಟಿನ ಸುತ್ತ ಗೆರೆ ಎಳೆದಿಡಬೇಕು, ಬದಲಿಸುವಾಗ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಸರಿಸಬಾರದು, ಸರಿಸಿದ ಮೇಲೆ ಒಂದು ವಾರವಾದರೂ ತುಳಿದು ನೋಡಬೇಕು.

ಬೋಲ್ಟು ಎಂ-5. ಪೀಣ್ಯದಲ್ಲಿ ಎಂ-5 ಕೇಳಿದರೆ ಚೀಲಗಟ್ಟಲೆ ಕೊಡುತ್ತಾರೆ, ಆದರೆ ಕ್ಲೀಟಿನ ಬೋಲ್ಟಿನ ತಲೆ ತಗ್ಗಾಗಿ, ಕ್ಲೀಟಿನೊಳಗೆ ಮುಳುಗುವಂತೆ ಇರುತ್ತದೆ. ಮಾಮೂಲಿ ತಲೆಯದು ಪೆಡಲಿಗೆ ತಡೆಯುತ್ತದೆ. ಬಿಗಿತ 5ರಿಂದ 6 ನ್ಯೂಟನ್ ಮೀಟರು. ಗ್ರೀಸಿನ ವಿಷಯದಲ್ಲಿ ಭಾವ ಬೈದೇ ಹೇಳಿದರು. ಪೆಡಲಿನ ಅಚ್ಚು ಸ್ಟೀಲು, ಅದು ಕೂರುವ ಕ್ರ್ಯಾಂಕು ಅಲ್ಯುಮಿನಿಯಂ. ‘ಇವೆರಡಕ್ಕೆ ಗ್ರೀಸಿಲ್ದೆ ಮದುವೆ ಮಾಡಿದ್ರೆ, ಆಮೇಲೆ ಯಾವ ಕೋರ್ಟಿಗೆ ಹೋದ್ರೂ ಡೈವೋರ್ಸ್ ಸಿಗಲ್ಲ.’ ಎಡ ಪೆಡಲಿನ ಥ್ರೆಡ್ಡು ಉಲ್ಟಾ ಇರುತ್ತದೆ ಎಂದು ನಾನು ಹೇಳುವ ಮೊದಲೇ ಅವರ ಕೈ ಉಲ್ಟಾ ತಿರುಗಿಸುತ್ತಿತ್ತು. ನೆನಪಿಡಲು ಸುಲಭ: ಮೇಲ್ಮುಖವಾಗಿ ಹಿಡಿದ ಸ್ಪ್ಯಾನರನ್ನು ಮುಂಚಕ್ರದ ಕಡೆ ತಿರುಗಿಸಿದರೆ ಎರಡೂ ಬಿಗಿಯಾಗುತ್ತವೆ, ಹಿಂಚಕ್ರದ ಕಡೆ ತಿರುಗಿಸಿದರೆ ಎರಡೂ ಸಡಿಲವಾಗುತ್ತವೆ.

ಅಗಲ ಪಾದ, ಕಿರಿದು ಬೂಟು

ದುಡ್ಡು ಸುರಿಯುವುದಿದ್ದರೆ ಪೆಡಲಿಗಲ್ಲ, ಬೂಟಿಗೆ ಸುರಿಯಿರಿ. ಅಗ್ಗದ ಎಸ್‌ಪಿಡಿ ಪೆಡಲಿಗೂ ದುಬಾರಿಯದಕ್ಕೂ ಮುಖ್ಯ ವ್ಯತ್ಯಾಸ ತೂಕದಲ್ಲಿ, ಬೇರಿಂಗಿನಲ್ಲಿ. ಮಂಡಿಗೆ ಅದು ತಿಳಿಯದು. ಬೂಟು ಒಂದು ಗಾತ್ರ ತಪ್ಪಿದರೆ ಇಡೀ ದಿನ ತಿಳಿಯುತ್ತದೆ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮ ಬಹುಪಾಲು ಜನರ ಪಾದ ಬೆರಳ ಕಡೆ ಅಗಲ. ಇಟಲಿಯ ಬೂಟುಗಳಲ್ಲಿ ಹಲವು ಕಿರಿದು. ಉದ್ದ ಸರಿಹೋಯಿತೆಂದು ತಂದು, ಹೊಸಕೋಟೆ ಮುಟ್ಟುವ ಹೊತ್ತಿಗೆ ಪಾದದ ಅಡಿಗೆ ಬೆಂಕಿ ಬಿದ್ದಂತಾಗಿ, ಬೇಕರಿಯ ಮುಂದೆ ಬೂಟು ಕಳಚಿ ಕೂತವರನ್ನು ನೋಡಿದ್ದೇನೆ. ಬೆರಳ ಬುಡದ ನರಗಳು ಅದುಮಿ ಹೋಗುವುದರಿಂದ ಬರುವ ಉರಿ ಅದು. ಅಗಲ ಪಾದಕ್ಕೆಂದೇ ಶಿಮಾನೊ, ಲೇಕ್ ಮೊದಲಾದವರು ಬೇರೆ ಅಚ್ಚಿನ ಬೂಟು ಮಾಡುತ್ತಾರೆ, ಕೇಳಿದರೆ ತರಿಸಿಕೊಡುತ್ತಾರೆ. ಕೇಳಬೇಕು ಅಷ್ಟೇ.

ಹೆಂಗಸರ ಪಾಡು ಇದಕ್ಕಿಂತ ಕಷ್ಟ. ನಮ್ಮ ಕಚೇರಿಯ ಗೆಳತಿಯೊಬ್ಬರ ಅಳತೆ 37. ಮೂರು ಅಂಗಡಿ ಅಲೆದರೂ ಸಿಕ್ಕದ್ದು 41ರ ಮೇಲಿನದು. ಕೊನೆಗೆ 39 ತಂದು ಎರಡು ಕಾಲುಚೀಲ ಹಾಕಿಕೊಂಡರು. ಹಿಮ್ಮಡಿ ಬೂಟಿನೊಳಗೆ ಮೇಲೆದ್ದರೆ ಕ್ಲಿಪ್ ಬಿಡಿಸುವುದೂ ಕಷ್ಟ, ಏಕೆಂದರೆ ಹಿಮ್ಮಡಿ ತಿರುಗುತ್ತದೆ, ಬೂಟು ತಿರುಗುವುದಿಲ್ಲ. ಅವರೂ ಒಮ್ಮೆ ಬಿದ್ದರು. ತಪ್ಪು ಅವರದಲ್ಲ, ಕಪಾಟಿನದು.

ಸರ್ಜಾಪುರ ರಸ್ತೆಯಲ್ಲಿ 2009ರಲ್ಲಿ ಡೆಕಾಥ್ಲಾನ್ ತನ್ನ ಭಾರತದ ಮೊದಲ ಮಳಿಗೆ ತೆರೆದಂದಿನಿಂದ ಈ ಕಡೆಯವರಿಗೆ ಇಂಥ ಬೂಟನ್ನು ಕಾಲಿಗೆ ಹಾಕಿ ನೋಡುವ ಭಾಗ್ಯ ಬಂತು. ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ‘ಎರಡೇ ಸಲ ಹಾಕಿದ್ದು’ ಎಂಬ ಬೂಟುಗಳು ಮಾರಾಟಕ್ಕೆ ಬರುತ್ತವೆ. ಲಾಕ್‌ಡೌನಿನ ಹುರುಪಿನಲ್ಲಿ ಕೊಂಡವು ಅವು. ಎರಡನೆಯ ಸಲ ಏನಾಯಿತು ಎಂಬುದನ್ನು ಪೆಡಲಿನ ಕಡೆಯ ಗೀರು ಹೇಳುತ್ತದೆ. ಹಳೆಯ ಪೆಡಲು ಕೊಳ್ಳಬಹುದು, ಹಳೆಯ ಬೂಟಿನೊಳಗೆ ಇನ್ನೊಬ್ಬರ ಪಾದದ ಅಚ್ಚು ಕೂತಿರುತ್ತದೆ. ಕಾರ್ಬನ್ ಅಡಿಗೆ ಆಸೆಪಡುವ ಅಗತ್ಯವಿಲ್ಲ. ಕಚೇರಿಗೂ ಭಾನುವಾರದ ನೂರು ಕಿಲೋಮೀಟರಿಗೂ ನೈಲಾನ್ ಅಡಿ ಸಾಕು, ನಡೆಯುವಾಗಲೂ ಅದು ತುಸು ಕನಿಕರ ತೋರಿಸುತ್ತದೆ. ತಿರುಗಣೆಯ ಬೋವಾ ಬಿಗಿಗಿಂತ ನಾನು ವೆಲ್ಕ್ರೊವನ್ನೇ ಇಷ್ಟಪಡುತ್ತೇನೆ. ಕೆಟ್ಟರೆ ನಮ್ಮ ಬೀದಿಯ ಮೋಚಿಯೂ ಹೊಲಿದುಕೊಡುತ್ತಾರೆ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಮುಳುಗಿದಾಗ ನನ್ನ ಬೂಟೂ ಮುಳುಗಿತ್ತು. ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ, ಅಡಿಯ ಅಂಟು ಬಿಡುತ್ತದೆ. ಒಳಗಿನ ಅಟ್ಟೆ ತೆಗೆದು ಹಳೆಯ ಪತ್ರಿಕೆ ತುರುಕಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಹೀರಿರುತ್ತದೆ. ಪುರವಣಿಯ ಕಾಗದ ದಪ್ಪ, ಈ ಲೇಖನ ಓದಿದ ಮೇಲೆ ಬಳಸಬಹುದು.

ಇನ್ನು ಬೀಳದಿರುವ ವಿದ್ಯೆ. ಪೆಡಲಿನ ಬಿಗಿತದ ಸ್ಕ್ರೂವನ್ನು ಪೂರ್ತಿ ಸಡಿಲಿಸಿ ಶುರುಮಾಡಿ. ಎಸ್‌ಪಿಡಿಯಲ್ಲಾದರೆ ಮಾಮೂಲಿ ಎಸ್‌ಎಚ್-51 ಕ್ಲೀಟಿನ ಬದಲು, ಹಲವು ದಿಕ್ಕಿಗೆ ಬಿಟ್ಟುಕೊಡುವ ಎಸ್‌ಎಚ್-56 ಕೇಳಿ ತೆಗೆದುಕೊಳ್ಳಿ. ಗಾಬರಿಯಲ್ಲಿ ಎಳೆದರೂ ಅದು ಬಿಡುವ ಸಂಭವ ಹೆಚ್ಚು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಗೋಡೆ ಹಿಡಿದು ನಿಂತು ಎಡಗಾಲನ್ನು ಐವತ್ತು ಸಲ ಸಿಕ್ಕಿಸಿ ಬಿಡಿಸಿ. ಎಡಗಾಲು ಎಂದು ಒತ್ತಿ ಹೇಳುತ್ತಿದ್ದೇನೆ. ಅಮೆರಿಕದವರ ವಿಡಿಯೊ ನೋಡಿ ಕಲಿತವರು ಬಲಗಾಲು ಬಿಡಿಸುವ ರೂಢಿ ಮಾಡಿಕೊಳ್ಳುತ್ತಾರೆ. ಅವರು ರಸ್ತೆಯ ಬಲಕ್ಕೆ ಓಡಿಸುವವರು, ಅವರಿಗೆ ಕಾಲುದಾರಿಯ ಅಂಚು ಬಲಕ್ಕೆ. ನಾವು ಎಡಕ್ಕೆ. ಹೊಸೂರು ರಸ್ತೆಯಲ್ಲಿ ಬಲಕ್ಕೆ ಒರಗಿದರೆ ಒರಗುವುದು ಬಸ್ಸಿನ ಚಕ್ರದ ಕಡೆಗೆ. ಸಿಗ್ನಲು ಇಪ್ಪತ್ತು ಮೂವತ್ತು ಮೀಟರು ದೂರವಿದ್ದಾಗಲೇ, ಸೈಕಲ್ಲು ಇನ್ನೂ ಉರುಳುತ್ತಿರುವಾಗ, ಎಡ ಪೆಡಲು ಕೆಳಗೆ ಬಂದಾಗ ಹಿಮ್ಮಡಿ ಹೊರಕ್ಕೆ. ಹಸಿರೇ ಇದ್ದರೂ ಹೊರಕ್ಕೆ. ನಮ್ಮ ಹಸಿರನ್ನು ನಂಬಿ ಕ್ಲಿಪ್ಪಿನಲ್ಲೇ ಕಾಲಿಟ್ಟುಕೊಂಡು ನುಗ್ಗಬಾರದು.

ನಾನು ಈಗ ಎರಡು ಬೋಲ್ಟಿನ ಬೂಟು, ಅರ್ಧ ಚಪ್ಪಟೆಯ ಪೆಡಲಿಗೆ ಬಂದಿದ್ದೇನೆ. ಮೂರು ಬೋಲ್ಟಿನವು ಅಟ್ಟದ ಮೇಲಿವೆ, ನಂದಿಗೆ ಹೋಗುವ ಭಾನುವಾರ ಇಳಿಯುತ್ತವೆ. ಕೊಳ್ಳಲು ಹೊರಟವರು ಸಂಜೆ ಹೋಗಿ. ದಿನವೆಲ್ಲ ನಡೆದ ಪಾದ ಆಗ ತುಸು ಉಬ್ಬಿರುತ್ತದೆ, ತುಳಿದು ದಣಿದಾಗಿನ ಅಳತೆಯೂ ಹೆಚ್ಚುಕಮ್ಮಿ ಅದೇ. ಸೈಕಲ್ಲಿಗೆ ಹಾಕುವ ಕಾಲುಚೀಲವನ್ನು ಮನೆಯಿಂದಲೇ ಒಯ್ಯಿರಿ. ಬೂಟು ಹಾಕಿಕೊಂಡು ಅಂಗಡಿಯ ಟೈಲ್ಸ್ ಮೇಲೆ ಹತ್ತು ಹೆಜ್ಜೆ ನಡೆದು ನೋಡದೆ ದುಡ್ಡು ಕೊಡಬೇಡಿ.